ಶತ್ರು ನಿಮ್ಮ ತಲವಾರ ಮುರಿಯಬಹುದೇ? ಟೇಬಲ್‌ಟಾಪ್ ಆರ್‌ಪಿಜಿಯಲ್ಲಿ ಆಯುಧ ಮುರಿಯುವ ನಿಯಮಗಳ ಹೋಲಿಕೆ

ಟೇಬಲ್‌ಟಾಪ್ ಆರ್‌ಪಿಜಿ ಅಂದರೆ ಟೇಬಲಿನ ಸುತ್ತ ಕೂತು, ದಾಳ ಹಾಕುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟ. ಅದರಲ್ಲಿ ಹೊಸದಾಗಿ ಜಿಎಂ (ಗೇಮ್ ಮಾಸ್ಟರ್, ಕಥೆ ಮತ್ತು ಶತ್ರುಗಳನ್ನು ನಡೆಸುವವರು) ಆದವರನ್ನು ಮೂರು-ನಾಲ್ಕು ಸೆಷನ್ ಮುಗಿಯುವಷ್ಟರಲ್ಲಿ ಕಾಡುವ ಪ್ರಶ್ನೆ ಇದು. ಕಾಳಗದಲ್ಲಿ ಶತ್ರು ಆಟಗಾರರ ಮೈಮೇಲಷ್ಟೇ ಏಟು ಹಾಕಬೇಕೋ, ಅವರ ಕತ್ತಿ, ಢಾಲು, ಕವಚಕ್ಕೂ ಕೈ ಹಚ್ಚಬಹುದೋ? ಹಚ್ಚಬಹುದು ಅಂದರೆ ಯಾವ ನಿಯಮದ ಪ್ರಕಾರ? ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್) 3.5 ಆಡಿ ಬೆಳೆದವರು, ಅದರ 5ನೇ ಆವೃತ್ತಿಯಿಂದ ಶುರು ಮಾಡಿದವರು, ಅದೇ ಜಾತಿಯ ಇನ್ನೊಂದು ಆಟವಾದ ಪಾತ್‌ಫೈಂಡರ್ ಓದಿ ಬಂದವರು ಬೆಳಗಾವಿಯ ಒಂದೇ ಟೇಬಲಿಗೆ ಕೂತರೆ ಗೊಂದಲ ಇನ್ನೂ ಹೆಚ್ಚು. ಒಂದೊಂದರಲ್ಲಿ ಉತ್ತರ ಒಂದೊಂದು ತೆರನಾಗಿದೆ.

ಆಯುಧ ಮುರಿಯುವುದು ಆಟದಲ್ಲಿ ಇರಲಿ ಅನ್ನುವುದು ನಮ್ಮ ಅಭಿಪ್ರಾಯ. ಆದರೆ ಏಟು ಬೀಳುವ ಮೊದಲೇ ಅದು ಆಟಗಾರನಿಗೆ ಕಾಣಬೇಕು. ರಿಪೇರಿ ಎಲ್ಲಿ, ಎಷ್ಟು ರೊಕ್ಕಕ್ಕೆ ಆಗುತ್ತದೆ ಎಂಬುದು ಮೊದಲ ದಿನವೇ ಗೊತ್ತಿರಬೇಕು. ಇವೆರಡೂ ಇಲ್ಲದಿದ್ದರೆ ಯಾವ ನಿಯಮ ತಂದರೂ ಫೈಟರ್ (ಆಯುಧದಿಂದಲೇ ಕಾದುವ ಪಾತ್ರ) ಆಡುವವನಿಗೆ ಅದು ಬರೀ ದಂಡ.

ಅಳೆಯುವುದು ಹೇಗೆ

ನಷ್ಟ ಯಾರ ಪಾಲಿಗೆ ಬೀಳುತ್ತದೆ ಅನ್ನುವುದನ್ನು ಎಲ್ಲಕ್ಕಿಂತ ಮೊದಲು ನೋಡಿ. ಪುಸ್ತಕದಲ್ಲಿ ನಿಯಮ ಎಲ್ಲರಿಗೂ ಒಂದೇ, ಟೇಬಲಿನಲ್ಲಿ ಹಾಗಲ್ಲ. ಫೈಟರ್, ಪ್ಯಾಲಡಿನ್, ರೇಂಜರ್ ಇವರ ಬಲದ ದೊಡ್ಡ ಪಾಲು ಕೈಯಲ್ಲಿರುವ ಕಬ್ಬಿಣದಲ್ಲಿದೆ. ಮಂಕ್ ಬರಿಗೈಯಲ್ಲೇ ಹೊಡೆಯುತ್ತಾನೆ. ವಿಝರ್ಡ್, ಅಂದರೆ ಮಾಂತ್ರಿಕ, ಬಿಡುವ ಫೈರ್‌ಬಾಲ್‌ಗೆ ಯಾವ ಗದೆಯೂ ತಾಕುವುದಿಲ್ಲ. 5ನೇ ಆವೃತ್ತಿಯ 2014ರ ದರಪಟ್ಟಿಯಲ್ಲಿ ಪ್ಲೇಟ್ ಕವಚಕ್ಕೆ 1500 ಜಿಪಿ (ಗೋಲ್ಡ್ ಪೀಸ್, ಆಟದ ಚಿನ್ನದ ನಾಣ್ಯ), ಮಾಂತ್ರಿಕ ಮಂತ್ರ ಹಾಕಲು ಹಿಡಿಯುವ ಆರ್ಕೇನ್ ಫೋಕಸ್‌ಗೆ 5ರಿಂದ 20 ಜಿಪಿ. ಎರಡನ್ನೂ ಒಂದೇ ಸುಲಭದಲ್ಲಿ ಮುರಿಯಲು ಬಿಟ್ಟರೆ ಒಬ್ಬ ಇಡೀ ಕ್ಯಾಂಪೇನ್‌ನ (ಹಲವು ಸೆಷನ್ ನಡೆಯುವ ಕಥೆಯ) ಗಳಿಕೆ ಕಳೆದುಕೊಳ್ಳುತ್ತಾನೆ, ಇನ್ನೊಬ್ಬ ಮುಂದಿನ ಊರಿನಲ್ಲಿ ಹೊಸದು ಕೊಳ್ಳುತ್ತಾನೆ.

ಹಾಗಂತ ತಕ್ಕಡಿ ಸರಿ ಮಾಡಲು ವಿಝರ್ಡ್ ಮಂತ್ರ ಬರೆದಿಟ್ಟುಕೊಳ್ಳುವ ಸ್ಪೆಲ್‌ಬುಕ್ ಸುಡಲು ಹೋಗುವ ಮುನ್ನ ಲೆಕ್ಕ ಹಾಕಿ. 5ನೇ ಲೆವೆಲ್ ವಿಝರ್ಡ್‌ನ ಪುಸ್ತಕದಲ್ಲಿ ಲೆವೆಲ್ ಏರಿದಾಗ ಬಂದ ಮಂತ್ರಗಳೇ 14 ಇರುತ್ತವೆ. ಮಂತ್ರಗಳಿಗೂ ಅವುಗಳದೇ ಲೆವೆಲ್ ಇದೆ: ಒಂದನೇ ಲೆವೆಲಿನವು 8, ಎರಡನೆಯವು 4, ಮೂರನೆಯವು 2 ಎಂದು ಹಿಡಿದರೆ ಒಟ್ಟು 22 ಲೆವೆಲ್. ತನ್ನದೇ ಪುಸ್ತಕದ ಇನ್ನೊಂದು ಪ್ರತಿ ಬರೆಯಲು ಲೆವೆಲಿಗೆ 10 ಜಿಪಿ, 1 ತಾಸು ಬೇಕು. ಅಲ್ಲಿಗೆ 220 ಜಿಪಿ, 22 ತಾಸು, ಜೊತೆಗೆ ಖಾಲಿ ಪುಸ್ತಕಕ್ಕೆ 50. ಪ್ರತಿ ಬರೆದಿಡಲು ಪುರುಸೊತ್ತು ಕೊಟ್ಟ ಮೇಲೆ ಪುಸ್ತಕಕ್ಕೆ ಅಪಾಯ ತಂದರೆ ಅದು ಆಟ. ಪುರುಸೊತ್ತೇ ಕೊಡದೆ ಸುಟ್ಟರೆ ಆ ವಿಝರ್ಡ್‌ಗೆ ಅಂದು ಪ್ರಿಪೇರ್ ಮಾಡಿಕೊಂಡ ಮಂತ್ರಗಳಷ್ಟೇ ಗತಿ.

ಎರಡನೆಯದು ಸಮಯ. ಶನಿವಾರ ಸಂಜೆ ಮೂರು ತಾಸು ಸಿಗುವ ಗುಂಪಿಗೂ ರವಿವಾರ ಇಡೀ ದಿನ ಕೂಡುವ ಗುಂಪಿಗೂ ಒಂದೇ ನಿಯಮ ಹೊಂದುವುದಿಲ್ಲ. ಒಂದು ಏಟಿಗೆ ಎಷ್ಟು ರೋಲ್ (ದಾಳ ಹಾಕುವುದು), ಪಾತ್ರದ ಶೀಟಿನಲ್ಲಿ ಎಷ್ಟು ಹೊಸ ಅಂಕಿ ಅನ್ನುವುದನ್ನು ಎಣಿಸಿ ನೋಡಿ.

ಮೂರನೆಯದು ಮುನ್ಸೂಚನೆ. ಎದುರಿಗೆ ಓಗರ್ ಎಂಬ ದೈತ್ಯ ನಿಂತಿದ್ದರೆ ಜಿಎಂ ಬಾಯಿಂದ ಇಷ್ಟು ಬಂದರೆ ಸಾಕು: “ಓಗರ್ ಗದಾ ಎತ್ತೈತಿ. ಆದ್ರ ನಿನ್ನ ಮಾರಿ ನೋಡವಲ್ದು, ನಿನ್ನ ತಲವಾರಾನ ನೋಡಾಕತ್ತೈತಿ. ಏನ್ ಮಾಡ್ತೀ?” ಆಗ ಆಟಗಾರ ಹಿಂದೆ ಸರಿಯಬಹುದು, ತಲವಾರ ಒರೆಗೆ ಸೇರಿಸಿ ಕೊಡಲಿ ತೆಗೆಯಬಹುದು, ಅಥವಾ “ಬರ್ಲಿ ಬಿಡ್ರಿ” ಅಂದು ನಿಲ್ಲಬಹುದು. ನಿಂತ ಮೇಲೆ ಮುರಿದರೆ ಯಾರೂ ಸಿಟ್ಟಾಗುವುದಿಲ್ಲ.

ನಾಲ್ಕನೆಯದು ರಿಪೇರಿ, ಅದನ್ನು ಮುಂದೆ ನೋಡೋಣ. ಐದನೆಯದು, ಶತ್ರು ಯಾಕೆ ಮುರಿಯುತ್ತಾನೆ ಅನ್ನುವುದಕ್ಕೆ ಕಾರಣ. ದರೋಡೆಗಾರ ಮಾರಿದರೆ ರೊಕ್ಕ ಬರುವ ಕತ್ತಿಯನ್ನು ಮುರಿಯುವುದಿಲ್ಲ, ಕಸಿದುಕೊಳ್ಳುತ್ತಾನೆ. ಜೀವಂತ ಹಿಡಿದು ತಾ ಎಂಬ ಹುಕುಮ್ ಇರುವ ಕೋಟೆ ಕಾವಲಿನವನು, ಅಖಾಡದ ಮಲ್ಲ, ತಲೆಗಿಂತ ತೋಳು ದೊಡ್ಡದಿರುವ ಓಗರ್, ಇವರು ಮುರಿದರೆ ನಂಬಬಹುದು.

ಪೂರ್ತಿ ಸಂಡರ್: ಡಿ ಆ್ಯಂಡ್ ಡಿ 3.5, ಪಾತ್‌ಫೈಂಡರ್ ಮೊದಲ ಆವೃತ್ತಿ

ಸಂಡರ್ ಅಂದರೆ ಎದುರಾಳಿಯ ಮೈ ಬಿಟ್ಟು ಅವನ ಆಯುಧಕ್ಕೋ ಢಾಲಿಗೋ ಹೊಡೆಯುವುದು. 2003ರ 3.5ರಲ್ಲಿ ಅದು ಹೀಗೆ ನಡೆಯುತ್ತದೆ. ಹೊಡೆಯುವವನಿಗೆ ಇಂಪ್ರೂವ್ಡ್ ಸಂಡರ್ ಎಂಬ ಫೀಟ್ (ವಿಶೇಷ ಕಲಿಕೆ) ಇಲ್ಲದಿದ್ದರೆ ಎದುರಾಳಿಗೆ ಮೊದಲು ಅಟ್ಯಾಕ್ ಆಫ್ ಆಪರ್ಚುನಿಟಿ, ಅಂದರೆ ಪುಕ್ಕಟೆ ಒಂದು ಏಟು, ಸಿಗುತ್ತದೆ. ಆಮೇಲೆ ಇಬ್ಬರೂ ಅಟ್ಯಾಕ್ ರೋಲ್ (20 ಮುಖದ ದಾಳ, ಜೊತೆಗೆ ತಮ್ಮ ಬೋನಸ್) ಹಾಕುತ್ತಾರೆ. ಎರಡು ಕೈಯಲ್ಲಿ ಹಿಡಿಯುವ ಆಯುಧಕ್ಕೆ +4, ಹಗುರ ಆಯುಧಕ್ಕೆ -4, ಗಾತ್ರದಲ್ಲಿ ದೊಡ್ಡವನಿಗೆ ದರ್ಜೆಗೊಂದು +4. ಹೊಡೆಯುವವನು ಗೆದ್ದರೆ ಡ್ಯಾಮೇಜ್ ರೋಲ್. ಅದರಲ್ಲಿ ವಸ್ತುವಿನ ಹಾರ್ಡ್‌ನೆಸ್ (ಗಡಸುತನ) ಕಳೆದು ಉಳಿದದ್ದು ವಸ್ತುವಿನ ಹಿಟ್ ಪಾಯಿಂಟಿಗೆ (ಎಷ್ಟು ಏಟು ತಾಳುತ್ತದೆ ಎಂಬ ಅಂಕಿಗೆ) ಬೀಳುತ್ತದೆ.

ಒಂದು ಕೈಯ ಕತ್ತಿಗೆ ಹಾರ್ಡ್‌ನೆಸ್ 10, ಹಿಟ್ ಪಾಯಿಂಟ್ 5. ಎರಡು ಕೈಯದಕ್ಕೆ 10 ಮತ್ತು 10. ಮರದ ಹಿಡಿಯ ಕೊಡಲಿ, ಗದೆಗಳಿಗೆ ಹಾರ್ಡ್‌ನೆಸ್ ಬರೀ 5. ದೊಡ್ಡ ಉಕ್ಕಿನ ಢಾಲಿಗೆ 10 ಮತ್ತು 20, ದೊಡ್ಡ ಮರದ ಢಾಲಿಗೆ 5 ಮತ್ತು 15. ಮಾಂತ್ರಿಕ ವಸ್ತುವಾದರೆ ಪ್ರತಿ +1ಕ್ಕೆ ಹಾರ್ಡ್‌ನೆಸ್ 2, ಹಿಟ್ ಪಾಯಿಂಟ್ 10 ಹೆಚ್ಚು.

ಇದನ್ನು ಓಗರ್ ಮೇಲೆ ಇಟ್ಟು ನೋಡಿ. 3.5ರ ಓಗರ್‌ಗೆ ಅಟ್ಯಾಕ್ +8, ಗದೆಯ ಡ್ಯಾಮೇಜ್ 2ಡಿ8+7 (8 ಮುಖದ ಎರಡು ದಾಳ, ಮೇಲೆ 7). ಎರಡು ಕೈಯ ಗದೆಗೆ +4, ಗಾತ್ರಕ್ಕೆ +4 ಸೇರಿ +16. ಎದುರಿಗೆ +6 ಅಟ್ಯಾಕ್ ಇರುವ ಫೈಟರ್, ಕೈಯಲ್ಲಿ ಸಾದಾ ಲಾಂಗ್‌ಸೋರ್ಡ್. ಎದುರುಬದುರು ರೋಲಿನಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಸಲ ಓಗರ್ ಗೆಲ್ಲುತ್ತದೆ. ಗೆದ್ದಾಗ ಕತ್ತಿ ಮುರಿಯಲು 15 ಡ್ಯಾಮೇಜ್ ಬೇಕು, ಅದು ಮೂರಕ್ಕೆ ಎರಡು ಸಲ ಬೀಳುತ್ತದೆ. ಒಟ್ಟು ನೋಡಿದರೆ ಒಂದೇ ಯತ್ನದಲ್ಲಿ ಕತ್ತಿ ಮುರಿಯುವ ಸಾಧ್ಯತೆ ನೂರಕ್ಕೆ 60ರ ಹತ್ತಿರ. ಅದೇ +1 ಕತ್ತಿಯಾದರೆ ಹಾರ್ಡ್‌ನೆಸ್ 12, ಹಿಟ್ ಪಾಯಿಂಟ್ 15. ಗದೆಯ ಸರಾಸರಿ ಏಟು 16, ಕತ್ತಿಗೆ ತಾಗುವುದು 4, ಮುರಿಯಲು ನಾಲ್ಕು ಏಟು ಬೇಕು. ಈ ವ್ಯತ್ಯಾಸ ಗೊತ್ತಿಲ್ಲದ ಜಿಎಂ ಎರಡನೇ ಲೆವೆಲಿನಲ್ಲೇ ಓಗರ್ ಕೈಯಿಂದ ಸಂಡರ್ ಮಾಡಿಸುತ್ತಾನೆ, 15 ಜಿಪಿಯ ಕತ್ತಿ ಒಂದೇ ರೌಂಡಿಗೆ ಹೋಗುತ್ತದೆ, ಆಟಗಾರ ಉಳಿದ ಕಾಳಗವೆಲ್ಲ ಕಠಾರಿ ಹಿಡಿದು ಕೂರುತ್ತಾನೆ. ಲೆವೆಲ್ ಏರಿದ ಮೇಲೆ ಇದೇ ನಿಯಮ ಸೌಮ್ಯವಾಗುತ್ತದೆ. ನೋವು ಹೊಸಬರಿಗೇ ಹೆಚ್ಚು.

3.5ರಲ್ಲಿ ಮೈಮೇಲಿರುವ ಕವಚವನ್ನು ಸಂಡರ್ ಮಾಡಲು ಬರುವುದಿಲ್ಲ. 2009ರ ಪಾತ್‌ಫೈಂಡರ್‌ನಲ್ಲಿ ಬರುತ್ತದೆ. ಅಲ್ಲಿ ಎದುರುಬದುರು ರೋಲ್ ತೆಗೆದು ಹೊಡೆಯುವವನ ಸಿಎಂಬಿಯನ್ನು (ಇಂಥ ಪಟ್ಟುಗಳ ಬೋನಸ್) ಎದುರಾಳಿಯ ಸಿಎಂಡಿ (ಅವನ್ನು ತಡೆಯುವ ಅಂಕಿ) ವಿರುದ್ಧ ಹಾಕುತ್ತಾರೆ, ಹಾಗಾಗಿ ರೋಲ್ ಒಂದು ಕಮ್ಮಿ. ಅದಕ್ಕಿಂತ ಒಳ್ಳೆಯ ಬದಲಾವಣೆ ನಡುವಿನ ಹಂತ. ಹಿಟ್ ಪಾಯಿಂಟ್ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದರೆ ವಸ್ತು ‘ಬ್ರೋಕನ್’ ಆಗುತ್ತದೆ, ನಾಶವಾಗುವುದಿಲ್ಲ. ಆಯುಧಕ್ಕೆ ಅಟ್ಯಾಕ್ ಮತ್ತು ಡ್ಯಾಮೇಜ್‌ನಲ್ಲಿ -2, ಕವಚ ಕೊಡುವ ಎಸಿ (ಏಟು ತಾಗಲು ರೋಲ್ ಮುಟ್ಟಬೇಕಾದ ಅಂಕಿ) ಬೋನಸ್ ಅರ್ಧ. ಮುರಿಯುವವನು ಬಯಸಿದರೆ 1 ಹಿಟ್ ಪಾಯಿಂಟ್ ಉಳಿಸಿಯೂ ಬಿಡಬಹುದು. ಸಂಡರ್ ಬೇಕೇ ಬೇಕು ಅನ್ನುವ ಟೇಬಲಿಗೆ ಈ ನಡುವಿನ ಹಂತ ಬಿಡಬಾರದು. 3.5 ಆಡುವವರೂ ಇದೊಂದನ್ನು ಎರವಲು ತರಬಹುದು.

ಅದಿಲ್ ಶಾಹಿ ಕಾಲದ ವಿಜಯಪುರ ಕೋಟೆಯನ್ನೇ ಹಿನ್ನೆಲೆ ಮಾಡಿಕೊಂಡು ಆಡುವವರಿಗೆ ಒಂದು ಮಾತು. ದಖನ್ನಿನ ಢಾಲುಗಳು ಉಕ್ಕಿನವೂ ಇದ್ದವು, ತೊಗಲಿನವೂ ಇದ್ದವು. 3.5ರಲ್ಲಿ ತೊಗಲಿನ ಹಾರ್ಡ್‌ನೆಸ್ 2 ಮಾತ್ರ. ತೊಗಲಿನ ಢಾಲಿಗೆ ಪುಸ್ತಕದ ಉಕ್ಕಿನ ಅಂಕಿ ಕೊಡುವುದು ಬೇಡ. ಹಾರ್ಡ್‌ನೆಸ್ ಕಮ್ಮಿ ಇಟ್ಟು ಬೆಲೆಯನ್ನೂ ಕಮ್ಮಿ ಮಾಡಿ, ಊರೂರಿನಲ್ಲೂ ಸಿಗುವ ಹಾಗೆ ಇಡಿ.

ಸಂಡರ್‌ಗೆ ಇನ್ನೊಂದು ಮಗ್ಗುಲಿದೆ. ಶತ್ರು ಕಲಿತದ್ದನ್ನು ಆಟಗಾರರೂ ಕಲಿಯುತ್ತಾರೆ. ಸರದಾರನ ಕೈಯ +1 ಲಾಂಗ್‌ಸೋರ್ಡ್‌ನ ಬೆಲೆ 3.5ರಲ್ಲಿ 2315 ಜಿಪಿ, ಮಾರಿದರೆ ಅರ್ಧ. ಅದನ್ನು ಮುರಿದು ಗೆದ್ದ ಪಾರ್ಟಿ (ಆಟಗಾರರ ಪಾತ್ರಗಳ ತಂಡ) ತನ್ನ ಗಳಿಕೆಯನ್ನೇ ಮುರಿದಿರುತ್ತದೆ. ಜಿಎಂ ಆ ಖಜಾನೆಯನ್ನು ಬೇರೆ ಕಡೆ ತುಂಬಿಕೊಡದಿದ್ದರೆ ಮುಂದಿನ ಲೆವೆಲುಗಳಲ್ಲಿ ಪಾರ್ಟಿ ಬಡವಾಗಿಯೇ ಉಳಿಯುತ್ತದೆ.

ತುಕ್ಕು, ಆಮ್ಲ: ಕೆಲವೇ ಪ್ರಾಣಿಗಳಿಗೆ ಬಿಟ್ಟುಕೊಡುವುದು

2014ರ 5ನೇ ಆವೃತ್ತಿಯಲ್ಲಿ ಸಂಡರ್ ಎಂಬ ಕ್ರಿಯೆಯೇ ಇಲ್ಲ. ಡಿಎಂ (ಡಿ ಆ್ಯಂಡ್ ಡಿಯಲ್ಲಿ ಜಿಎಂಗೆ ಇರುವ ಹೆಸರು) ಗೈಡಿನಲ್ಲಿ ವಸ್ತುಗಳಿಗೆ ಎಸಿ ಕೊಟ್ಟಿದ್ದಾರೆ (ಮರಕ್ಕೆ 15, ಕಬ್ಬಿಣ ಮತ್ತು ಉಕ್ಕಿಗೆ 19), ಆದರೆ ಎದುರಾಳಿ ಕೈಯಲ್ಲಿ ಹಿಡಿದ ಕತ್ತಿಗೆ ಹೊಡೆಯುವ ಬಗ್ಗೆ ನಿಯಮ ಮಾಡಿಲ್ಲ. ಮುರಿಯುವ ಕೆಲಸ ತುಕ್ಕು ಹಿಡಿಸುವ ರಸ್ಟ್ ಮಾನ್‌ಸ್ಟರ್, ಆಮ್ಲದಿಂದ ತಿಂದುಹಾಕುವ ಬ್ಲ್ಯಾಕ್ ಪುಡಿಂಗ್, ಗ್ರೇ ಊಝ್‌ನಂಥ ಕೆಲವಕ್ಕೆ ಮಾತ್ರ.

ರಸ್ಟ್ ಮಾನ್‌ಸ್ಟರ್‌ನ ಮೀಸೆ ಮೈಮೇಲಿನ ಮಾಂತ್ರಿಕವಲ್ಲದ ಕಬ್ಬಿಣಕ್ಕೆ ತಾಗಲು ಬಂದರೆ ಡಿಸಿ 11 ಡೆಕ್ಸ್ ಸೇವ್, ಅಂದರೆ ಚುರುಕಿನಿಂದ ತಪ್ಪಿಸಿಕೊಳ್ಳಲು ರೋಲಿನಲ್ಲಿ 11 ಅಥವಾ ಹೆಚ್ಚು ಬರಬೇಕು. ತಪ್ಪಿದರೆ ಕವಚದ ಎಸಿಗೆ ಕಾಯಂ -1. ಎಸಿ 10ಕ್ಕೆ ಇಳಿದರೆ ಕವಚ ಹೋಯಿತು. ಚೈನ್ ಮೇಲ್‌ನ ಎಸಿ 16, ಅಂದರೆ ಆರು ಸಲ ತಾಗಬೇಕು. ಪ್ಲೇಟ್‌ನ ಎಸಿ 18, ಎಂಟು ಸಲ. ಡೆಕ್ಸ್ ಬೋನಸ್ ಇಲ್ಲದವನು ಎರಡಕ್ಕೊಂದು ಸಲ ಪಾರಾಗುತ್ತಾನೆ, ಹಾಗಾಗಿ ಒಂದು ಪ್ರಾಣಿಯ ಜೊತೆ ನಾಲ್ಕು ರೌಂಡ್ ಕಾದಿದರೆ ಸಾಮಾನ್ಯವಾಗಿ ಎಸಿ ಒಂದೆರಡು ಕಮ್ಮಿಯಾಗುತ್ತದೆ, ಅಷ್ಟೇ. ಅದಕ್ಕೆ ಹೊಡೆದ ಮಾಂತ್ರಿಕವಲ್ಲದ ಲೋಹದ ಆಯುಧಕ್ಕೂ ಏಟಿಗೊಂದು -1 ಡ್ಯಾಮೇಜ್, -5 ಆದರೆ ಆಯುಧ ನಾಶ.

ಈ ದಾರಿಯ ಒಳ್ಳೆಯತನ ಕಣ್ಣಿಗೆ ಕಾಣುತ್ತದೆ. ಅಪಾಯಕ್ಕೆ ಮುಖವಿದೆ. ಗುಹೆಯ ಬಾಯಲ್ಲಿ ತುಕ್ಕಿನ ಪುಡಿ, ಹಿಡಿ ಮಾತ್ರ ಉಳಿದ ಭರ್ಚಿ ಕಂಡ ಪಾರ್ಟಿ ತಯಾರಿ ಮಾಡಿಕೊಂಡೇ ಒಳಗೆ ಹೋಗುತ್ತದೆ: ಕೋಲು, ಕವಣೆ, ಮಂತ್ರ ಮುಂದಕ್ಕೆ, ಕವಚ ಹೊರಗೆ. ಮೀಸೆ ತಾಗಿ ತುಕ್ಕು ಹಿಡಿಯುವುದು ಕಬ್ಬಿಣ, ಉಕ್ಕಿಗೆ ಮಾತ್ರ, ಕಂಚಿಗಲ್ಲ. ವಿಜಯಪುರದ ಹಿನ್ನೆಲೆಯಲ್ಲಿ ಇದು ಚೆನ್ನಾಗಿ ಕೂಡುತ್ತದೆ. 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಕಂಚಿನ ಜಾತಿಯ ಮಿಶ್ರಲೋಹದ್ದು. ರಸ್ಟ್ ಮಾನ್‌ಸ್ಟರ್‌ಗಳ ಹಿಂಡು ಕೋಟೆಗೆ ನುಗ್ಗಿದರೂ ಆ ತೋಪಿಗೆ ಏನೂ ಆಗುವುದಿಲ್ಲ, ಅದರ ಸುತ್ತ ನಿಂತ ಸಿಪಾಯಿಗಳ ತಲವಾರಗಳು ಮಾತ್ರ ಪುಡಿಯಾಗುತ್ತವೆ. ಕಂಚು ಎರಕ ಹೊಯ್ಯುವವನನ್ನು ಹುಡುಕಿಕೊಂಡು ಹೋಗುವುದೇ ಒಂದು ಸೆಷನ್‌ಗೆ ಸಾಕಾಗುವ ಕೆಲಸ.

ಸಾಮಾನ್ಯವಾಗಿ ಆಗುವ ತಪ್ಪು, ಈ ಪ್ರಾಣಿಗಳನ್ನು ಗುರುತೇ ಇಲ್ಲದ ಕಡೆ ದಿಢೀರನೆ ಬಿಡುವುದು. ಇನ್ನೊಂದು, ಮೆಂಡಿಂಗ್ ಮಂತ್ರದಿಂದ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ಅದು ಒಂದು ಅಡಿಗಿಂತ ದೊಡ್ಡದಲ್ಲದ ಒಂದು ಬಿರುಕು ಅಥವಾ ಹರಕನ್ನು ಜೋಡಿಸುತ್ತದೆ, ಹಾಕಲು ಒಂದು ನಿಮಿಷ ಬೇಕು. ತಿಂದುಹೋದ ಲೋಹವನ್ನು ಅದು ತುಂಬಿಕೊಡುತ್ತದೋ ಇಲ್ಲವೋ ಎಂದು ನಿಮ್ಮ ಟೇಬಲ್ ಮೊದಲೇ ತೀರ್ಮಾನಿಸಬೇಕು.

ಕಚ್ಚು ಹಾಕುವ ನಿಯಮ

ಹಿಟ್ ಪಾಯಿಂಟ್, ಹಾರ್ಡ್‌ನೆಸ್ ಬರೆದಿಡುವ ಗೋಜು ಬೇಡವಾದವರಿಗೆ ಇದು. ವಸ್ತುವಿನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೆರೆ: ಒಂದು ಗೆರೆಗೆ -1, ಮೂರು ಗೆರೆ ಬಿದ್ದರೆ ರಿಪೇರಿ ಆಗುವ ತನಕ ಉಪಯೋಗಕ್ಕಿಲ್ಲ. ಹೆಚ್ಚಿನ ರೋಲ್ ಇಲ್ಲ, ಸಮಯವೂ ಹೋಗುವುದಿಲ್ಲ.

ಗೆರೆ ಯಾವಾಗ ಬೀಳಬೇಕು ಎಂಬಲ್ಲೇ ಎಲ್ಲರೂ ಎಡವುತ್ತಾರೆ. ‘ಅಟ್ಯಾಕ್ ರೋಲಿನಲ್ಲಿ 1 ಬಿದ್ದರೆ ನಿನ್ನ ಆಯುಧಕ್ಕೆ ಕಚ್ಚು’ ಎಂಬುದು ಮೊದಲು ಹೊಳೆಯುವ ನಿಯಮ, ಮತ್ತು ಇದ್ದುದರಲ್ಲಿ ಕೆಟ್ಟದ್ದು. ಒಂದು ಟರ್ನ್‌ಗೆ ಒಂದೇ ಸಲ ಹೊಡೆಯುವವನಿಗೆ 1 ಬೀಳುವ ಸಾಧ್ಯತೆ ನೂರಕ್ಕೆ 5. 5ನೇ ಆವೃತ್ತಿಯ 20ನೇ ಲೆವೆಲ್ ಫೈಟರ್ ನಾಲ್ಕು ಸಲ ಹೊಡೆಯುತ್ತಾನೆ, ಅವನಿಗೆ ಟರ್ನ್‌ಗೆ ನೂರಕ್ಕೆ 18ಕ್ಕಿಂತ ಹೆಚ್ಚು, ಐದು ರೌಂಡಿನ ಕಾಳಗದಲ್ಲಿ 64. ಹೊಡೆತ ಹೆಚ್ಚು ಕಲಿತವನ ಕತ್ತಿಯೇ ಹೆಚ್ಚು ಮುರಿಯುತ್ತದೆ. ಸೇವಿಂಗ್ ಥ್ರೋ ಕೇಳುವ ಮಂತ್ರ ಬಿಡುವವನು ಅಟ್ಯಾಕ್ ರೋಲನ್ನೇ ಹಾಕುವುದಿಲ್ಲ, ಅವನಿಗೆ ಬಾಧೆಯೇ ಇಲ್ಲ.

ಬದಲಿಗೆ ಶತ್ರುವಿನ ಕ್ರಿಟಿಕಲ್‌ಗೆ ಕಟ್ಟಿ: ಶತ್ರುವಿಗೆ 20 ಬಿದ್ದರೆ ನಿಮ್ಮ ಕವಚ ಅಥವಾ ಢಾಲಿಗೆ ಒಂದು ಗೆರೆ, ಯಾವುದಕ್ಕೆ ಅನ್ನುವುದು ಆಟಗಾರನ ಇಷ್ಟ. ಒಂದು ಕಾಳಗದಲ್ಲಿ ಒಬ್ಬನ ಮೇಲೆ ಎಂಟು ಏಟು ಬಂದರೆ ಗೆರೆ ಬೀಳುವ ಸಾಧ್ಯತೆ ಮೂರಕ್ಕೊಂದು. ಆಯುಧಕ್ಕೂ ಬೇಕೆಂದರೆ ಟರ್ನ್‌ನ ಮೊದಲ ಅಟ್ಯಾಕ್ ರೋಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ರಿಪೇರಿ ದರ ಗೆರೆಗೆ ವಸ್ತುವಿನ ಬೆಲೆಯ ಹತ್ತನೇ ಒಂದು ಪಾಲು ಇಟ್ಟರೆ ಚೈನ್ ಮೇಲ್‌ಗೆ ಏಳೂವರೆ ಜಿಪಿ, ಪ್ಲೇಟ್‌ಗೆ 150. ಪ್ಲೇಟ್‌ನ ದರ ಭಾರ ಅನಿಸಿದರೆ 50ಕ್ಕೆ ಮಿತಿ ಹಾಕಿ. ಸ್ಮಿತ್ಸ್ ಟೂಲ್ಸ್ (ಕಮ್ಮಾರನ ಸಾಮಾನು, 20 ಜಿಪಿ, 8 ಪೌಂಡ್) ಬಲ್ಲ ಪಾತ್ರಕ್ಕೆ ಒಂದು ಲಾಂಗ್ ರೆಸ್ಟ್‌ಗೆ (ದೊಡ್ಡ ವಿಶ್ರಾಂತಿಗೆ) ಒಂದು ಗೆರೆ ಪುಕ್ಕಟೆ ಅಳಿಸಲು ಬಿಡಿ. ಯಾರೂ ತೆಗೆದುಕೊಳ್ಳದ ಆ ಪ್ರಾವೀಣ್ಯಕ್ಕೆ ಆಗ ಬೆಲೆ ಬರುತ್ತದೆ. ಬಿತ್ತಿಗೆಗೆ ಮುಂಚೆ ಕುಳ ಬಡಿಸಿಕೊಂಡು ಬರುವ ಹಾಗೆ, ಊರು ಬಿಡುವ ಮೊದಲು ಕಮ್ಮಾರನ ಕಡೆ ಹೋಗಿಬರುವುದು ಪಾರ್ಟಿಗೆ ರೂಢಿಯಾಗುತ್ತದೆ.

ಇದೇ ಜಾತಿಯ ಸಿದ್ಧ ನಿಯಮಗಳೂ ಇವೆ. 2016ರ ದಿ ಬ್ಲ್ಯಾಕ್ ಹ್ಯಾಕ್ ಎಂಬ ಆಟದ ಯೂಸೇಜ್ ಡೈ (ಸಾಮಾನು ಎಷ್ಟು ಉಳಿದಿದೆ ಎಂದು ಹೇಳುವ ದಾಳ) ಬಾಣ, ದೀವಟಿಗೆಗಳಿಗೆ ಚೆನ್ನಾಗಿ ಹೊಂದುತ್ತದೆ: 1 ಅಥವಾ 2 ಬಿದ್ದರೆ ಡಿ8 ಇದ್ದದ್ದು ಡಿ6 ಆಗುತ್ತದೆ, ಡಿ4ರಲ್ಲೂ ಬಿದ್ದರೆ ಮುಗಿಯಿತು. 2018ರ ಫರ್ಬಿಡನ್ ಲ್ಯಾಂಡ್ಸ್‌ನಲ್ಲಿ ಆಟಗಾರ ರೋಲನ್ನು ‘ಪುಶ್’ ಮಾಡಿದಾಗ (ಅಂದರೆ ಮತ್ತೊಮ್ಮೆ ಹಾಕಿದಾಗ) ಗೇರ್ ಡೈಸ್, ಅಂದರೆ ಸಾಮಾನಿನ ದಾಳಗಳಲ್ಲಿ 1 ಬಿದ್ದರೆ ಆ ಸಾಮಾನಿನ ಬೋನಸ್ ಒಂದು ಇಳಿಯುತ್ತದೆ. ಪುಶ್ ಮಾಡಿದವನು ತಾನೇ ಆದ್ದರಿಂದ ಆಟಗಾರನಿಗೆ ಜಿಎಂ ಮೇಲೆ ಸಿಟ್ಟಿಲ್ಲ.

ಢಾಲು ಒಡೆದು ಜೀವ ಉಳಿಸುವುದು

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಹಳೆಯ ಶೈಲಿಯ ಆಟದವರಲ್ಲಿ ಚಾಲ್ತಿಯಲ್ಲಿರುವ ಮನೆನಿಯಮ: ಏಟು ಬಿದ್ದ ಮೇಲೆ ಆಟಗಾರ “ಢಾಲ್ ಕೊಟ್ಟೆ” ಎನ್ನಬಹುದು. ಢಾಲು ಚೂರುಚೂರು, ಡ್ಯಾಮೇಜ್ ಸೊನ್ನೆ. ರೋಲ್ ಇಲ್ಲ, ಲೆಕ್ಕ ಇಲ್ಲ, ಮುರಿಯುವ ತೀರ್ಮಾನ ಪೂರ್ತಿ ಆಟಗಾರನದು. ಎರಡು ಹಿಟ್ ಪಾಯಿಂಟ್ ಉಳಿದ ಫೈಟರ್ ಓಗರ್ ಏಟಿಗೆ ಢಾಲು ಒಡ್ಡಿ, ಅದು ಒಡೆದು, ತಾನು ಉಳಿದ ಕ್ಷಣಕ್ಕೆ ಟೇಬಲಿನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಅದೇ ಢಾಲನ್ನು ಸಂಡರ್ ಮಾಡಿ ಮುರಿದಿದ್ದರೆ ಟೇಬಲ್ ಸುಮ್ಮನಾಗುತ್ತಿತ್ತು.

ಇದರ ತೊಂದರೆ 10 ಜಿಪಿಯ ಢಾಲಿಗೆ ಒಂದು ಜೀವ ಸಿಗುವುದು. ಪಾರ್ಟಿ ಕತ್ತೆಯ ಮೇಲೆ ಹತ್ತು ಢಾಲು ಹೇರಿಕೊಂಡು ಬರುತ್ತದೆ. ತಡೆಯಲು ಎರಡು ಕಟ್ಟು ಸಾಕು: ಒಂದು ಕಾಳಗಕ್ಕೆ ಒಬ್ಬರಿಗೆ ಒಂದೇ ಸಲ, ಮತ್ತು ಹೊಸ ಢಾಲು ತೊಡಲು 5ನೇ ಆವೃತ್ತಿ ಹೇಳುವ ಹಾಗೆ ಒಂದು ಆ್ಯಕ್ಷನ್ ಪೂರ್ತಿ ಖರ್ಚು. ಎರಡು ಕೈಯ ಆಯುಧ ಹಿಡಿಯುವವರಿಗೆ ಅನ್ಯಾಯ ಅನಿಸಿದರೆ ಅವರಿಗೆ ಶಿರಸ್ತ್ರಾಣ ಕೊಡಲು ಬಿಡಿ, ಆದರೆ ಕ್ರಿಟಿಕಲ್ ಏಟನ್ನು ಸಾದಾ ಏಟಾಗಿಸುವಷ್ಟಕ್ಕೆ ಮಾತ್ರ.

2019ರ ಪಾತ್‌ಫೈಂಡರ್ ಎರಡನೇ ಆವೃತ್ತಿ ಇದೇ ಭಾವವನ್ನು ಅಳೆದು ತೂಗಿ ಕೊಡುತ್ತದೆ. ಒಂದು ಆ್ಯಕ್ಷನ್ ಕೊಟ್ಟು ಢಾಲು ಎತ್ತಿದರೆ ಎಸಿ +2. ಏಟು ಬಿದ್ದಾಗ ಶೀಲ್ಡ್ ಬ್ಲಾಕ್ (ಢಾಲಿನಿಂದ ಏಟು ತಡೆಯುವುದು) ಬಲ್ಲವನು ರಿಯಾಕ್ಷನ್ (ತನ್ನ ಸರದಿಯ ಹೊರಗೂ ಮಾಡಬಹುದಾದ ಕ್ರಿಯೆ) ಕೊಟ್ಟರೆ ಢಾಲಿನ ಹಾರ್ಡ್‌ನೆಸ್‌ನಷ್ಟು ಡ್ಯಾಮೇಜ್ ಕಳೆಯುತ್ತದೆ, ಉಳಿದದ್ದು ಅವನಿಗೂ ಢಾಲಿಗೂ ಎರಡಕ್ಕೂ ಬೀಳುತ್ತದೆ. ಉಕ್ಕಿನ ಢಾಲಿಗೆ ಹಾರ್ಡ್‌ನೆಸ್ 5, ಹಿಟ್ ಪಾಯಿಂಟ್ 20, 10ಕ್ಕೆ ಇಳಿದರೆ ಬ್ರೋಕನ್. 12 ಡ್ಯಾಮೇಜಿನ ಏಟಿಗೆ ಢಾಲು 7 ಕಳೆದುಕೊಂಡು 13ಕ್ಕೆ ಬರುತ್ತದೆ, ಎರಡನೇ ಏಟಿಗೆ 6. ಅಲ್ಲಿಗೆ ಅದರಿಂದ ಎಸಿಯೂ ಇಲ್ಲ, ಬ್ಲಾಕೂ ಇಲ್ಲ. ಕ್ರಾಫ್ಟಿಂಗ್‌ನಲ್ಲಿ ಟ್ರೇನ್ಡ್ ಆದವನು ರಿಪೇರಿ ಸಾಮಾನಿಟ್ಟುಕೊಂಡು 10 ನಿಮಿಷ ಕೂತು ಚೆಕ್ ಪಾಸಾದರೆ 10 ಹಿಟ್ ಪಾಯಿಂಟ್ ವಾಪಸ್. ಹೊಸಬರು ಮಾಡುವ ತಪ್ಪು, ದೊಡ್ಡ ಏಟಿಗೆ ಬ್ಲಾಕ್ ಮಾಡುವುದು. 25ರ ಏಟಿನಲ್ಲಿ ಢಾಲು ತಡೆಯುವುದು 5, ಢಾಲಿಗೆ ಬೀಳುವುದು 20, ಅಲ್ಲಿಗೆ ಅದು ನಾಶ. ಸಣ್ಣ ಮತ್ತು ನಡುತರದ ಏಟಿಗೆ ಬ್ಲಾಕ್ ಮಾಡಿ. ಈ ಏಟು ಬಿಟ್ಟರೆ ಸಾಯುವುದು ಖಾತ್ರಿ ಅನ್ನುವಾಗ ಮಾತ್ರ ಢಾಲಿನ ಆಸೆ ಬಿಡಿ.

ಮುರಿಯದೇ ಕಸಿಯುವುದು

ಆಯುಧವಿಲ್ಲದ ಕ್ಷಣದ ಭಯ ಸಾಕು, ನಷ್ಟ ಬೇಡ ಅನ್ನುವವರಿಗೆ ಡಿಸಾರ್ಮ್ ಇದೆ. 5ನೇ ಆವೃತ್ತಿಯ 2014ರ ಡಿಎಂ ಗೈಡಿನ ಐಚ್ಛಿಕ ನಿಯಮದಲ್ಲಿ ಅಟ್ಯಾಕ್ ರೋಲ್ ಎದುರಿಗೆ ಅಥ್ಲೆಟಿಕ್ಸ್ ಅಥವಾ ಆ್ಯಕ್ರೋಬ್ಯಾಟಿಕ್ಸ್. ಎರಡು ಕೈಯಲ್ಲಿ ಹಿಡಿದವನ ಆಯುಧ ಕಸಿಯಲು ಡಿಸ್‌ಅಡ್ವಾಂಟೇಜ್ (ಎರಡು ಸಲ ರೋಲ್ ಹಾಕಿ ಕಮ್ಮಿಯದನ್ನು ಹಿಡಿಯುವುದು). ದರೋಡೆಗಾರರಿಗೆ, ಕಾವಲುಗಾರರಿಗೆ ಇದೇ ಸಹಜ.

ಯಾರಿಗೆ ಯಾವುದು

ಮೂರು ತಾಸಿನ ಟೇಬಲ್, ಅರ್ಧ ಜನ ಹೊಸಬರು ಅಂದರೆ 5ನೇ ಆವೃತ್ತಿಯನ್ನು ಇದ್ದ ಹಾಗೆ ಆಡಿ, ಢಾಲು ಕೊಡುವ ನಿಯಮವೊಂದನ್ನೇ ಸೇರಿಸಿ. ಖರ್ಚೂ ಇಲ್ಲ, ಪುಸ್ತಕವೂ ಬೇಡ. ಊರಿಂದ ಊರಿಗೆ ನಡೆಯುವ, ಅನ್ನ-ನೀರು-ಬಾಣ ಎಣಿಸುವ ಕ್ಯಾಂಪೇನ್‌ಗೆ ಕಚ್ಚಿನ ನಿಯಮ ಬೇಕು, ಅದಿಲ್ಲದೆ ಕಮ್ಮಾರನಿಗೆ ಕೆಲಸವೇ ಇರುವುದಿಲ್ಲ. ಢಾಲು ಹಿಡಿಯುವವನೇ ನಾಯಕನಾದ ಟೇಬಲಿಗೆ ಪಾತ್‌ಫೈಂಡರ್ ಎರಡನೆಯದು. ಅದರ ನಿಯಮಗಳು ನೆಟ್ಟಿನಲ್ಲಿ ಅಧಿಕೃತವಾಗಿಯೇ ಪುಕ್ಕಟೆ ಓದಲು ಸಿಗುತ್ತವೆ.

ಪೂರ್ತಿ ಸಂಡರ್ ಆರಿಸುವವರು ಮೂರು ಶರತ್ತು ಬರೆದು ಟೇಬಲಿನ ಮೇಲೆ ಇಡಲಿ: ಒಂದು ಕಾಳಗದಲ್ಲಿ ಒಬ್ಬ ಶತ್ರು ಮಾತ್ರ ಸಂಡರ್ ಮಾಡುತ್ತಾನೆ. ಮಾಡುವ ಮುಂಚಿನ ರೌಂಡಿನಲ್ಲಿ ಜಿಎಂ ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ಹಿಟ್ ಪಾಯಿಂಟ್ ಸೊನ್ನೆಯಾದ ವಸ್ತುವಿನ ಚೂರುಗಳನ್ನು ಆಯ್ದಿಟ್ಟುಕೊಂಡರೆ ಬೆಲೆಯ ಐದನೇ ಒಂದು ಪಾಲಿಗೆ ರಿಪೇರಿ ಆಗುತ್ತದೆ. 3.5ರ ಕ್ರಾಫ್ಟ್ ರಿಪೇರಿ ದರವೂ ಅದೇ.

ಕ್ಯಾಂಪೇನ್ ಈಗಾಗಲೇ ನಡೆದಿದ್ದರೆ ನಿಯಮವನ್ನು ಆಟಗಾರರ ಮೇಲೆ ಮೊದಲು ಬಳಸಬೇಡಿ. ಮುಂದಿನ ಕಾಳಗದಲ್ಲಿ ಅವರ ಕಡೆಯ ಕಾವಲುಗಾರನೊಬ್ಬನ ಢಾಲು ಎಲ್ಲರ ಕಣ್ಣೆದುರು ಒಡೆಯಲಿ, ಅಂಕಿಗಳನ್ನು ಜೋರಾಗಿ ಹೇಳಿ. ಆಮೇಲೆ ಒಂದು ಸೆಷನ್ ಬಿಡುವು ಕೊಡಿ. ಎರಡನೇ ಆಯುಧ, ಎರಡನೇ ಢಾಲು, ಸ್ಪೆಲ್‌ಬುಕ್‌ನ ಪ್ರತಿ ಏನು ಬೇಕೋ ಅದನ್ನು ಅವರು ಆ ಬಿಡುವಿನಲ್ಲಿ ಕೊಂಡುಕೊಳ್ಳಲಿ.